ಗುಂಡ ನಗುತ್ತಿರಲಿಲ್ಲ

"ನೋಡಿ ಅಕ್ಕಾ, ಹೇಗೆ ನಗುತ್ತಿದ್ದಾನೆ!"

ಭಾನುವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಪಾತ್ರೆ ತೊಳೆಯುವಾಗ ಕೇಳುತ್ತದೆ, ದೀಪ ಆರಿಸಿ ಮಲಗಿದಾಗ ಕೇಳುತ್ತದೆ. ಹೇಳಿದ ಹುಡುಗನ ದನಿಯಲ್ಲಿದ್ದ ಸಂಭ್ರಮದ ಸಮೇತ ಕೇಳುತ್ತದೆ. ಅದರ ಬೆನ್ನಿಗೇ ನನ್ನ ಉತ್ತರ: "ಹೌದಲ್ಲ, ಎಷ್ಟು ಖುಷಿಯಾಗಿದ್ದಾನೆ!" ಹಾಗೆನ್ನುತ್ತ ನಾನು ಅವನ ನಾಯಿ ಗುಂಡನ ತಲೆ ಸವರಿದೆ. ಅಂಗೈಗೆ ಬಿಸಿ ತಾಗಿತು. ಅವನ ನಾಲಿಗೆ ಎಂದಿಗಿಂತ ಅಗಲವಾಗಿ, ತುದಿ ಸೌಟಿನಂತೆ ಮೇಲಕ್ಕೆ ಬಾಗಿ ಜೋತಾಡುತ್ತಿತ್ತು. ಜೊಲ್ಲು ಹನಿಹನಿಯಾಗಿ ಬೀಳುತ್ತಿರಲಿಲ್ಲ, ಅಂಟಿನಂತೆ ಎಳೆಯಾಗಿ ಇಳಿಯುತ್ತಿತ್ತು. ಇದೆಲ್ಲವನ್ನೂ ನಾನು ನೋಡಿದೆ. ನೋಡಿಯೂ ಖುಷಿಯಾಗಿದ್ದಾನೆ ಎಂದೆ.

ಹತ್ತು ಹನ್ನೆರಡು ನಿಮಿಷದಲ್ಲಿ ಗುಂಡ ಮೈದಾನದ ನಡುವೆ ಬಿದ್ದಿದ್ದ.

ನಾಯಿ ಸಾಕಿದವರ ನಮ್ಮ ಗುಂಪು ನನಗೆ ಎಷ್ಟು ಬೇಕಾದದ್ದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನ ಮಾತುಗಳು ದೂರಿನಂತೆ ಕೇಳಿಸಬಹುದು. ಚುಕ್ಕಿ ನನ್ನ ಮನೆಗೆ ಬರುವವರೆಗೆ ನನಗೆ ಅಕ್ಕಪಕ್ಕದವರ ಹೆಸರೂ ಗೊತ್ತಿರಲಿಲ್ಲ. ಅವಳಿಂದಾಗಿ ಭಾನುವಾರದ ನಡಿಗೆ ಸಿಕ್ಕಿತು, ನಡಿಗೆಯಿಂದ ಜನ ಸಿಕ್ಕಿದರು. ಯಾರೋ ಊರಿಗೆ ಹೋದರೆ ಇನ್ನಾರೋ ಅವರ ನಾಯಿಯನ್ನು ನೋಡಿಕೊಳ್ಳುತ್ತಾರೆ. ಮನುಷ್ಯರನ್ನು ಕಂಡರೆ ಮೂಲೆ ಹಿಡಿಯುತ್ತಿದ್ದ ಒಂದು ನಾಯಿ ಈ ಗುಂಪಿನಲ್ಲಿ ಎಂಟು ತಿಂಗಳು ಕಳೆದು ಈಗ ಮಕ್ಕಳ ಕೈಯಿಂದ ತಿನ್ನುತ್ತದೆ. ನಾಯಿಗಳಿಗೂ ನಾಯಿಗಳ ಸಹವಾಸ ಬೇಕು. ಬಗ್ಗುವುದು, ಮುಖ ತಿರುಗಿಸುವುದು, ಸುತ್ತಿ ಬಳಸಿ ಹತ್ತಿರ ಬರುವುದು ಇವೆಲ್ಲ ಅವುಗಳ ಮಾತುಕತೆ. ಆ ಭಾಷೆಯನ್ನು ನಾವು ಮನೆಯಲ್ಲಿ ಕೂತು ಕಲಿಸಲಾರೆವು. ಆದ್ದರಿಂದ ಬೇಸಿಗೆಯ ವಿಶೇಷ ಕೂಟ ಎಂದಾಗ ನಾನೂ ಉತ್ಸಾಹದಿಂದಲೇ ಹೋದವಳು.

ಬೆಳಿಗ್ಗೆ ಆರಕ್ಕೆ ಎಂದು ತಿಳಿಸಿದ್ದರು. ಎಲ್ಲರೂ ಬಂದು ಸೇರುವಷ್ಟರಲ್ಲಿ ಎಂಟೂವರೆ. ಹಿಂದಿನ ರಾತ್ರಿ ನಾಲ್ಕು ಹನಿ ಮಳೆ ಬಿದ್ದು ಮೋಡ ಕವಿದಿತ್ತು. "ಬಿಸಿಲೇ ಇಲ್ಲವಲ್ಲ, ನಿಧಾನವಾಗಿ ಮಾಡೋಣ" ಎಂದರು ಕೂಟ ನಡೆಸುವವರು. ಅವರು ಒಳ್ಳೆಯವರು, ಯಾರನ್ನೂ ನಿರಾಶೆಗೊಳಿಸಲು ಅವರಿಗೆ ಬರುವುದಿಲ್ಲ. ತಡವಾಗಿ ಬಂದವರಿಗಾಗಿ ಕಾದರು, ಸೋತವರಿಗೆ ಇನ್ನೊಂದು ಅವಕಾಶ ಕೊಟ್ಟರು, ಬಟ್ಟೆ ತೊಡಿಸಿದ ನಾಯಿಗಳ ಮೆರವಣಿಗೆಯನ್ನು ಕೇಳಿದವರೆಲ್ಲರಿಗಾಗಿ ಎರಡು ಸಲ ಮಾಡಿಸಿದರು. ಅಂದಿನ ಅರ್ಧ ತೊಂದರೆ ಹುಟ್ಟಿದ್ದು ಆ ಒಳ್ಳೆಯತನದಿಂದಲೇ ಎಂದು ನನಗೆ ಅನ್ನಿಸುತ್ತದೆ. ಒಂಬತ್ತೂವರೆಗೆ ಮೋಡ ಸರಿದು ಬಿಸಿಲು ಬಿತ್ತು, ಒದ್ದೆ ನೆಲದಿಂದ ಹಬೆ ಏಳತೊಡಗಿತು. ಚೆಂಡು ತರುವ ಸ್ಪರ್ಧೆಯ ಕೊನೆಯ ಸುತ್ತು ಶುರುವಾದಾಗ ಹತ್ತೂವರೆ.

ಗುಂಡ ನಾಲ್ಕು ವರ್ಷದ ಲ್ಯಾಬ್ರಡಾರ್. ಹೆಸರಿಗೆ ತಕ್ಕ ಮೈ. ಹಿಂದಿನ ಎಲ್ಲ ಸುತ್ತುಗಳಲ್ಲೂ ಅವನೇ ಗೆದ್ದಿದ್ದ, ಸುತ್ತುಗಳ ನಡುವಿನ ಬಿಡುವಿನಲ್ಲಿ ಆ ಹುಡುಗ ಅಭ್ಯಾಸಕ್ಕೆಂದು ಮತ್ತಷ್ಟು ಓಡಿಸಿದ್ದ. ನನ್ನ ಚುಕ್ಕಿ ಅಷ್ಟರಲ್ಲಾಗಲೇ ಮರದ ಬುಡದ ತೇವದ ಮಣ್ಣನ್ನು ಕೆರೆದು, ಹೊಟ್ಟೆಯನ್ನು ಅದಕ್ಕೆ ಒತ್ತಿಕೊಂಡು ಮಲಗಿಬಿಟ್ಟಿದ್ದಳು. ಯಾರು ಕರೆದರೂ ಏಳಲಿಲ್ಲ, ನಾನು ಬಾರು ಎಳೆದರೂ ಏಳಲಿಲ್ಲ. ನಾಲ್ಕು ಜನರ ಎದುರು ಮಾತು ಕೇಳದ ನಾಯಿ ಎಂದು ನನಗೆ ಆಗ ನಾಚಿಕೆಯಾಗಿತ್ತು. ಗುಂಡನನ್ನು ತೋರಿಸಿ "ನೋಡು, ಅವನು ಎಷ್ಟು ಜಾಣ" ಎಂದು ಅವಳಿಗೆ ಹೇಳಿದ್ದು ಕೂಡ ನೆನಪಿದೆ.

ಏಳನೆಯ ಚೆಂಡಿಗೆ ಹೊರಟವನು ಅರ್ಧ ದಾರಿಯಲ್ಲಿ ನಿಂತ. ಹಿಂಗಾಲುಗಳು ದೋಣಿಯಲ್ಲಿ ನಿಂತವನ ಕಾಲಿನಂತೆ ಹೊಯ್ದಾಡಿದವು. ಕೂತ. "ಬಾ ಗುಂಡ, ಬಾ ಮರಿ" ಎಂದು ಹುಡುಗ ನಗುತ್ತ ಕರೆದ. ಕರೆದದ್ದೇ ತಡ ಗುಂಡ ಎದ್ದ. ಎದ್ದು ನಾಲ್ಕು ಹೆಜ್ಜೆ ಬಂದ, ಆಮೇಲೆ ಬಿದ್ದ. ಆ ನಾಲ್ಕು ಹೆಜ್ಜೆಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೈಯಲ್ಲಿ ಏನೂ ಉಳಿದಿರಲಿಲ್ಲ, ಆದರೆ ಕರೆದದ್ದು ಅವನ ಮನುಷ್ಯ.

ನಾವೆಲ್ಲ ಓಡಿದೆವು. ಓಡಿ ಸುತ್ತ ನಿಂತೆವು. ಅದೂ ತಪ್ಪೇ, ಬೀಸುತ್ತಿದ್ದ ಅಷ್ಟಿಷ್ಟು ಗಾಳಿಯನ್ನೂ ತಡೆದೆವು. ಒಬ್ಬರು ಒದ್ದೆ ಟವೆಲ್ ತಂದು ಮೈಮೇಲೆ ಹೊದಿಸಿದರು. ಇನ್ನೊಬ್ಬರು ಬಾಯಿ ಅಗಲಿಸಿ ನೀರು ಸುರಿಯಲು ಹೋದರು. ಮತ್ತೊಬ್ಬರು "ತಣ್ಣೀರು ಹಾಕಬೇಡಿ, ಆಘಾತವಾಗುತ್ತದೆ" ಎಂದು ಕೂಗಿದರು. "ಮೊದಲು ಕಾರಿಗೆ ಹಾಕಿ, ಆಸ್ಪತ್ರೆಗೆ ನಡೆಯಿರಿ" ಎಂದದ್ದು ನಾನು.

ಆಗ ಬಂದರು ಪಗ್ ಸಾಕಿರುವ ಆ ಹೆಂಗಸು. ಅವರ ಬಗ್ಗೆ ನಾನು ಇಷ್ಟು ದಿನ ತಿಳಿದುಕೊಂಡಿದ್ದಕ್ಕೆ ಇಲ್ಲಿಯೇ ಕ್ಷಮೆ ಕೇಳುತ್ತೇನೆ. ಅವರನ್ನು ಕಂಡರೆ ನಮ್ಮಲ್ಲಿ ಅರ್ಧ ಜನ ದಾರಿ ಬದಲಿಸುತ್ತಿದ್ದೆವು. ಯಾವಾಗಲೂ ಎಚ್ಚರಿಕೆಯ ಮಾತು. ಅಂಗೈ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ, ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗದು. ಒಂದೇ ಬಟ್ಟಲಿನಲ್ಲಿ ಎಲ್ಲ ನಾಯಿಗಳಿಗೂ ನೀರಿಡಬೇಡಿ, ಕೆಮ್ಮು ಹರಡುತ್ತದೆ. ಬಾಯಿಗೆ ಬಿಗಿಯಾದ ಬಟ್ಟೆಯ ಪಟ್ಟಿ ಕಟ್ಟಬೇಡಿ, ಬಾಯಿ ತೆರೆದು ತೇಕದಿದ್ದರೆ ಅದು ತಣ್ಣಗಾಗುವುದು ಹೇಗೆ? ಹೀಗೆ. ಗಿಡ್ಡ ಮೂತಿಯ ನಾಯಿಗೆ ಉಸಿರಿನ ದಾರಿಯೇ ಇಕ್ಕಟ್ಟು ಎಂದು ಅವರು ತಮ್ಮ ಪಗ್ ಅನ್ನು ಬೆಳಿಗ್ಗೆ ಆರಕ್ಕೆ ಕರೆತಂದು, ಏಳೂವರೆಗೆ ಮನೆಗೆ ಬಿಟ್ಟು, ತಾವೊಬ್ಬರೇ ಎರಡು ದೊಡ್ಡ ಕ್ಯಾನ್ ನೀರಿನೊಂದಿಗೆ ಮರಳಿ ಬಂದಿದ್ದರು. ಯಾತಕ್ಕೆ ಎಂದು ನಾವು ಕೇಳಿರಲಿಲ್ಲ.

"ಸರಿಯಿರಿ, ಗಾಳಿ ಬಿಡಿ" ಎಂದರು. ಟವೆಲ್ ಎಳೆದು ಬಿಸಾಡಿದರು. ಮೈಯ ಶಾಖ ಹೊರಹೋಗಬೇಕಾದ ಹೊತ್ತಿನಲ್ಲಿ ಅದು ಕಂಬಳಿಯ ಕೆಲಸ ಮಾಡುತ್ತದೆಯಂತೆ. ನಾಲ್ಕು ಜನರ ಕೈಯಲ್ಲಿ ಗುಂಡನನ್ನು ನೆರಳಿಗೆ ಎತ್ತಿಸಿದರು. ಕ್ಯಾನಿನ ನೀರನ್ನು ಕುತ್ತಿಗೆ, ಎದೆ, ಹೊಟ್ಟೆ, ತೊಡೆಸಂದು ಎಲ್ಲ ಕಡೆ ಕೂದಲಿನ ಬುಡದವರೆಗೆ ಇಳಿಯುವಂತೆ ಸುರಿದರು, ಬಾಯಿಗೆ ಮಾತ್ರ ಒಂದು ಹನಿ ಹಾಕಲಿಲ್ಲ. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ನನ್ನ ಕೈಗೆ ಒಂದು ರಟ್ಟು ಕೊಟ್ಟು "ಬೀಸಿ" ಎಂದರು. ಬೀಸಿದೆ. ಹುಡುಗ ಅಳುತ್ತಿದ್ದ. ಮೈದಾನದ ನಲ್ಲಿಯಿಂದ ಪೈಪು ಎಳೆದು ತರಲು ಅವನನ್ನೇ ಕಳಿಸಿದರು. ಕೈಗೆ ಕೆಲಸ ಕೊಟ್ಟರೆ ಅಳು ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದಿತ್ತು. ನಡುನಡುವೆ ಗುಂಡನ ತುಟಿ ಎತ್ತಿ ಒಸಡು ನೋಡುತ್ತಿದ್ದರು. ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಚೀಲದಿಂದ ಥರ್ಮಾಮೀಟರ್ ತೆಗೆದು ಬಾಲ ಸರಿಸಿ ಇಟ್ಟರು. 41.8 ಡಿಗ್ರಿ ಸೆಲ್ಸಿಯಸ್.

ನಾಯಿಯ ಸಹಜ ಶಾಖ 38.3ರಿಂದ 39.2ರ ಆಸುಪಾಸು. ನಮಗಿಂತ ಅವು ಬಿಸಿ, ಆದರೂ 41 ದಾಟಿದರೆ ಒಳಗಿನ ಅಂಗಗಳು ಹಾಳಾಗತೊಡಗುತ್ತವೆ. ಇದು ನನಗೆ ತಿಳಿದಿತ್ತೇ? ಎಲ್ಲೋ ಓದಿದ್ದೆ. ನಾಯಿ ಬೆವರುವುದು ಪಾದದ ಗದ್ದುಗೆಗಳಲ್ಲಿ ಮಾತ್ರ, ಅದು ಏನೇನೂ ಸಾಲದು, ತೇಕುವಾಗ ನಾಲಿಗೆ, ಬಾಯಿ, ಮೂಗಿನ ತೇವ ಆವಿಯಾಗುವುದರಿಂದಲೇ ಅದು ತಣ್ಣಗಾಗಬೇಕು ಎಂದೂ ಓದಿದ್ದೆ. ಗಾಳಿಯಲ್ಲೇ ತೇವ ತುಂಬಿದ್ದರೆ ಆವಿ ಹೋಗುವುದೆಲ್ಲಿಗೆ? ಮಳೆ ಬಿದ್ದ ಮರುದಿನದ ಹಬೆಯ ಬೆಳಗು ಒಣ ಬಿಸಿಲಿಗಿಂತ ಕೆಟ್ಟದ್ದಾಗಬಹುದು ಎಂಬ ಸರಳ ಲೆಕ್ಕವನ್ನು ಅಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರನ್ನು ಬಿಟ್ಟು ಯಾರೂ ಹಾಕಿರಲಿಲ್ಲ. ಅದೂ ಸೆಖೆ ಏರಿದ ಮೊದಲ ವಾರ. ಬಿಸಿಗೆ ಒಗ್ಗಿಕೊಳ್ಳಲು ನಾಯಿಯ ದೇಹಕ್ಕೆ ವಾರಗಳು ಬೇಕು, ಗುಂಡ ಅಲ್ಲಿಯವರೆಗೆ ತಣ್ಣನೆಯ ಕೋಣೆಯಲ್ಲಿ ಮಲಗಿದ್ದವನು.

ಹುಡುಗನ ಕಾರು ಒಂದು ಗಂಟೆಗೂ ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಂತಿತ್ತು. ನನ್ನ ಮಾತು ಕೇಳಿ ಗುಂಡನನ್ನು ನೇರವಾಗಿ ಅದರೊಳಗೆ ಮಲಗಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಈಗಲೂ ಧೈರ್ಯವಿಲ್ಲ. ನಿಂತ ಕಾರಿನ ಶಾಖವನ್ನು ಅಳೆದು 2005ರಲ್ಲಿ ಪ್ರಕಟಿಸಿದ ಒಂದು ಅಮೆರಿಕನ್ ಅಧ್ಯಯನವಿದೆ. ಹೊರಗೆ 22 ಡಿಗ್ರಿಯ ಹಿತವಾದ ಹವೆಯಿದ್ದಾಗಲೂ ಒಂದು ಗಂಟೆಯಲ್ಲಿ ಒಳಗಿನ ಶಾಖ ಸುಮಾರು 22 ಡಿಗ್ರಿ ಏರಿತು, ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಪಗ್ ಅಮ್ಮ (ನಾವು ಅವರನ್ನು ಹಾಗೆಯೇ ಕರೆಯುವುದು) ಕಾರಿನ ನಾಲ್ಕೂ ಬಾಗಿಲು ತೆರೆಸಿ, ಎಸಿ ಹಾಕಿಸಿ, ಅದು ತಣ್ಣಗಾಗುವವರೆಗೆ ನೀರು ಸುರಿಯುತ್ತಲೇ ಇದ್ದರು. "ಮೊದಲು ತಂಪು, ಆಮೇಲೆ ಪ್ರಯಾಣ" ಎಂದರು. ಆಸ್ಪತ್ರೆ ತಲುಪಿದಾಗ ಶಾಖ 40.1ಕ್ಕೆ ಇಳಿದಿತ್ತು. 39.5ರ ಹತ್ತಿರ ನಿಲ್ಲಿಸಬೇಕಂತೆ, ಇಲ್ಲವಾದರೆ ಮೈ ಅತಿಯಾಗಿ ತಣ್ಣಗಾಗಿಬಿಡುತ್ತದೆ. ಡ್ರಿಪ್ ಹಾಕಿದರು, ಮೂತ್ರಪಿಂಡ ಮತ್ತು ಯಕೃತ್ತಿಗೆ ಏಟು ಬಿದ್ದಿದೆಯೇ, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿದೆಯೇ ಎಂದು ಪರೀಕ್ಷೆಗೆ ಕಳಿಸಿದರು. ಎರಡು ಮೂರು ದಿನ ಏನೂ ಹೇಳಲಾಗದು ಎಂದರು ವೈದ್ಯರು.

ಆ ರಾತ್ರಿ ನಿದ್ದೆ ಬಾರದೆ ಓದುತ್ತ ಕೂತೆ. ಬ್ರಿಟನ್ನಿನ ಸಂಶೋಧಕರು ಅಲ್ಲಿನ ಪಶುವೈದ್ಯರ ದಾಖಲೆಗಳನ್ನು ಜಾಲಾಡಿ 2020ರಲ್ಲಿ ಪ್ರಕಟಿಸಿದ ಲೆಕ್ಕ ಸಿಕ್ಕಿತು. ನಾನು ಇಷ್ಟು ದಿನ ಹೀಟ್‌ಸ್ಟ್ರೋಕ್ (ಮೈಯ ಶಾಖ ಮಿತಿ ಮೀರಿ ಬೀಳುವುದು) ಎಂದರೆ ಕಾರಿನೊಳಗೆ ಬಿಟ್ಟುಹೋದ ನಾಯಿ, ಬೇಜವಾಬ್ದಾರಿ ಮನುಷ್ಯ ಎಂದು ತಿಳಿದಿದ್ದೆ. ಕಾರಿನ ಪ್ರಕರಣಗಳು ನೂರಕ್ಕೆ ಐದರಷ್ಟು. ನಾಲ್ಕರಲ್ಲಿ ಮೂರು ಪಾಲು ನಾಯಿಗಳು ಕಾಹಿಲೆ ಬಿದ್ದದ್ದು ದಣಿವಿನಿಂದ: ನಡಿಗೆಯಲ್ಲಿ, ಓಟದಲ್ಲಿ, ಆಟದಲ್ಲಿ. ಅಂದರೆ ಅವುಗಳ ಜೊತೆಯಲ್ಲಿ ಮನುಷ್ಯರಿದ್ದರು. ಪ್ರೀತಿಸುವ, ಸಮಯ ಕೊಡುವ, ಭಾನುವಾರ ಬೆಳಿಗ್ಗೆ ಎದ್ದು ಮೈದಾನಕ್ಕೆ ಕರೆದೊಯ್ಯುವ ನಮ್ಮಂಥವರೇ ಬಾರು ಹಿಡಿದು ನಿಂತಿದ್ದರು. ಒಟ್ಟಾರೆ ಶಾಖದಿಂದ ಕಾಹಿಲೆ ಬಿದ್ದವುಗಳಲ್ಲಿ ಏಳಕ್ಕೆ ಒಂದು ಉಳಿಯಲಿಲ್ಲ. ಅದೇ ತಂಡದವರು 2023ರಲ್ಲಿ ಪ್ರಕಟಿಸಿದ ಇನ್ನೊಂದು ಲೆಕ್ಕದ ಪ್ರಕಾರ, ವೈದ್ಯರಲ್ಲಿಗೆ ಕರೆತರುವ ಮುನ್ನ ಮೈಗೆ ತಂಪು ಮಾಡಿದ್ದು ಐದರಲ್ಲಿ ಒಂದು ನಾಯಿಗೆ ಮಾತ್ರ. ತಣ್ಣೀರಿನಿಂದ ಆಘಾತವಾಗುತ್ತದೆ ಎಂಬ ಹಳೆಯ ಹೆದರಿಕೆಯೇ ಎಷ್ಟೋ ಕೈಗಳನ್ನು ಕಟ್ಟಿಹಾಕಿರಬೇಕು. ಎಳೆಯ, ಗಟ್ಟಿಮುಟ್ಟಾದ ನಾಯಿಯನ್ನು ತಣ್ಣೀರಿನಲ್ಲೇ ಮುಳುಗಿಸಬಹುದು, ಮುದಿ ನಾಯಿಗೋ ಬೇರೆ ರೋಗವಿದ್ದ ನಾಯಿಗೋ ಅದರ ಮೈಗಿಂತ ತಣ್ಣಗಿರುವ ನೀರು ಸುರಿದು ಗಾಳಿ ಬೀಸಬೇಕು ಎಂಬುದು ಈಗಿನ ಸಲಹೆ.

ಮತ್ತೆ ಆ ಮಾತಿಗೇ ಬರುತ್ತೇನೆ. ನೋಡಿ ಅಕ್ಕಾ, ಹೇಗೆ ನಗುತ್ತಿದ್ದಾನೆ.

ಆ ಹುಡುಗನದು ತಪ್ಪಲ್ಲ ಎನ್ನಲಾರೆ, ಆದರೆ ಅವನು ಕ್ರೂರಿಯಲ್ಲ. ಗುಂಡನಿಗೆ ಜ್ವರ ಬಂದಾಗ ನೆಲದ ಮೇಲೆ ಅವನ ಪಕ್ಕದಲ್ಲೇ ಮಲಗುವ ಹುಡುಗ. ತೆರೆದ ಬಾಯಿ, ಹಿಂದಕ್ಕೆ ಎಳೆದ ತುಟಿಯಂಚು, ಹೊಳೆಯುವ ಕಣ್ಣು, ಇವು ಮನುಷ್ಯನ ಮುಖದಲ್ಲಿದ್ದರೆ ನಗುವೇ. ನಾವು ನಾಯಿಯ ಮುಖದಲ್ಲಿ ನಮ್ಮ ಮುಖವನ್ನು ಓದುತ್ತೇವೆ. ಹುಡುಗನಿಗೆ ಖುಷಿಯಾಗಿತ್ತು, ಆದ್ದರಿಂದ ಗುಂಡನಿಗೂ ಖುಷಿಯಾಗಿತ್ತು. ಲ್ಯಾಬ್ರಡಾರ್ ಎಂಬ ತಳಿಯನ್ನು ಮನುಷ್ಯರು ಬೆಳೆಸಿದ್ದೇ ಬಿದ್ದದ್ದನ್ನು ಹೆಕ್ಕಿ ತರುವುದಕ್ಕೆ. ಎಸೆದದ್ದನ್ನು ತರುವ ಹಂಬಲ ಅವನ ರಕ್ತದಲ್ಲಿದೆ, ಸಾಕು ಎನ್ನುವುದು ಇಲ್ಲ. ಈ ವಾರವೆಲ್ಲ ಆ ಪದವನ್ನೇ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ನಮ್ಮ ಭಾಷೆಯಲ್ಲಿ ಪೊರೆಯುವುದಕ್ಕೂ ಸಾಕು, ನಿಲ್ಲಿಸುವುದಕ್ಕೂ ಸಾಕು. ಗುಂಡನ ಪರವಾಗಿ ಎರಡನೆಯ ಸಾಕು ಹೇಳಬೇಕಾಗಿದ್ದವರು ನಾವು.

ನನ್ನ ತಂದೆ ಕೂಡ ಸಾಕು ಎಂದವರಲ್ಲ. ಕೊನೆಯ ವರ್ಷ ಯಾರೇ ನೋಡಲು ಬಂದರೂ ಎದ್ದು ಕೂತು, ಅಂಗಿಯ ಗುಂಡಿ ಹಾಕಿಕೊಂಡು, ನಗುತ್ತ ಮಾತಾಡುತ್ತಿದ್ದರು. ಬಂದವರು "ಎಷ್ಟು ಚೆನ್ನಾಗಿದ್ದಾರೆ" ಎಂದು ಬಾಗಿಲಲ್ಲಿ ನನಗೆ ಹೇಳಿ ಹೋಗುತ್ತಿದ್ದರು. ನಾನೂ ಹೌದು ಎನ್ನುತ್ತಿದ್ದೆ. ಅವರು ಹೋದ ಮೇಲೆ ತಂದೆ ಗೋಡೆಗೆ ಮುಖ ಮಾಡಿ ಎರಡು ಗಂಟೆ ಮಲಗುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ. ಇದನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ಭಾನುವಾರ ಗುಂಡನ ತಲೆ ಸವರಿ ಹೌದು ಎಂದಾಗ ನನ್ನ ಬಾಯಿಂದ ಬಂದದ್ದು ಅದೇ ಹಳೆಯ ಹೌದು. ಎದುರಿನವರ ಸಂತೋಷವನ್ನು ಕೆಡಿಸಬಾರದು ಎಂಬ ಸೌಜನ್ಯ. ಪಗ್ ಅಮ್ಮನಿಗೆ ಆ ಸೌಜನ್ಯವಿಲ್ಲ. ನಾವು ಅದನ್ನು ಅವರ ಒರಟುತನ ಎಂದುಕೊಂಡಿದ್ದೆವು.

ಸೋಮವಾರ ಅವರ ಮನೆಗೆ ಹೋಗಿದ್ದೆ. ಕ್ಯಾನ್ ಹೊತ್ತು ತಿರುಗುವುದು ಯಾವಾಗಿನಿಂದ ಎಂದು ಕೇಳಿದೆ. ಈ ಪಗ್‌ಗೆ ಮುಂಚೆ ಇನ್ನೊಂದು ಇತ್ತು ಎಂದಷ್ಟೇ ಹೇಳಿದರು. ಮುಂದೆ ನಾನು ಕೇಳಲಿಲ್ಲ.

ಅಂದು ಸಂಜೆ ಕೂಟ ನಡೆಸುವವರ ಜೊತೆ ನಾವಿಬ್ಬರೂ ಕೂತೆವು. ಬೇಸಿಗೆ ಮುಗಿಯುವವರೆಗೆ ಓಟದ ಸ್ಪರ್ಧೆ ಬೇಡ ಎಂದೆವು, ಒಪ್ಪಿದರು. ಹಾಗೆಂದು ಕೂಟವೇ ಬೇಡ ಎಂದು ನಮ್ಮಿಬ್ಬರಿಗೂ ಅನ್ನಿಸಲಿಲ್ಲ. ಸೂರ್ಯ ಏಳುವ ಹೊತ್ತಿಗೆ ಸೇರಿ, ಬಿಸಿಲು ಬಲಿಯುವ ಮುಂಚೆ ಮುಗಿಸಬಹುದು. ತಡವಾಗಿ ಬಂದವರು ತಡವಾಗಿ ಬಂದಂತೆ. ನೆರಳಿನಲ್ಲಿ ಕೂತು ಆಡುವ ಮೂಗಿನ ಆಟಗಳಿವೆ: ಹುಲ್ಲಿನಲ್ಲಿ, ಬಟ್ಟೆಯ ಮಡಿಕೆಯಲ್ಲಿ, ರಟ್ಟಿನ ಡಬ್ಬಗಳಲ್ಲಿ ತಿನಿಸು ಅಡಗಿಸಿ ನಾಯಿಗೆ ಹುಡುಕಲು ಬಿಡುವುದು. ಹತ್ತು ನಿಮಿಷ ಮೂಸಿ ಹುಡುಕಿದ ನಾಯಿ ತೃಪ್ತಿಯಿಂದ ಮಲಗುವುದನ್ನು ನೋಡಿದವರಿಗೆ ಓಡಿಸಿ ದಣಿಸಬೇಕೆಂಬ ಹಟ ಇರುವುದಿಲ್ಲ. ಮಕ್ಕಳ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಮೊಣಕಾಲುದ್ದ ನೀರು ನಿಲ್ಲಿಸಬಹುದು. ಅಲ್ಲಿಯೂ ನೀರಿನಲ್ಲಿ ಬಾಯಿ ತೆರೆದು ಚೆಂಡು ಹಿಡಿಯುವ ಆಟ ಹೊತ್ತುಗಟ್ಟಲೆ ನಡೆದರೆ ಹೊಟ್ಟೆಗೆ ಅತಿಯಾಗಿ ನೀರು ಹೋಗಿ ಅಪಾಯವಾಗುತ್ತದೆ ಎಂದರು ಪಗ್ ಅಮ್ಮ. ಈ ಸಲ ನಾನು ಬರೆದುಕೊಂಡೆ. ಬಟ್ಟೆ ತೊಡಿಸುವ ಸ್ಪರ್ಧೆಯನ್ನು ಚಳಿಗಾಲಕ್ಕೆ ಮುಂದೂಡಿದೆವು. ಸೆಖೆಯೆಂದು ದಟ್ಟ ಎರಡು ಪದರದ ಕೂದಲಿನ ನಾಯಿಯನ್ನು ಬೋಳಿಸಿಕೊಂಡು ಬರುವವರಿಗೆ, ಆ ಕೂದಲು ಬಿಸಿಲನ್ನೂ ತಡೆಯುತ್ತದೆ, ಬಾಚಿ ಉದುರಿದ್ದನ್ನು ತೆಗೆದರೆ ಸಾಕು ಎಂದು ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇನ್ನೊಂದು ವಿಷಯಕ್ಕೆ ನಾನೇ ಹಟ ಹಿಡಿದೆ. ಪ್ರತಿ ಕೂಟಕ್ಕೂ ಒಬ್ಬರು ಇರಬೇಕು, ಯಾರ ನಾಯಿಯನ್ನಾದರೂ ಬೆರಳು ತೋರಿಸಿ ಕೂರಿಸುವ ಅಧಿಕಾರ ಅವರಿಗಿರಬೇಕು, ಯಾರೂ ಎದುರಾಡಬಾರದು. ಪಗ್ ಅಮ್ಮನ ಹೆಸರು ಹೇಳಿದೆ. ಅವರು ನನ್ನ ಹೆಸರು ಹೇಳಿದರು.

ಬುಧವಾರ ಗುಂಡ ಮನೆಗೆ ಬಂದ. ಮೂತ್ರಪಿಂಡದ ಪರೀಕ್ಷೆಯನ್ನು ಇನ್ನೂ ಎರಡು ಸಲ ಮಾಡಿಸಬೇಕು. ಒಮ್ಮೆ ಹೀಗಾದ ನಾಯಿಯನ್ನು ಮುಂದೆ ಇನ್ನಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಎಂದಿದ್ದಾರೆ. ತೂಕವನ್ನೂ ಇಳಿಸಬೇಕು. ರಾತ್ರಿ ಒಂಬತ್ತಕ್ಕೆ ಹುಡುಗ ಫೋನ್ ಮಾಡಿ ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಹೇಳಿ ಮುಗಿಸಿ ಸುಮ್ಮನಾದ.

"ಅಕ್ಕಾ, ಒಂದು ಕೇಳಲೇ? ಅವತ್ತು ನೀವು ಅವನ ತಲೆ ಸವರಿದಿರಲ್ಲ, ಆಗ ನಿಮಗೆ ಗೊತ್ತಾಗಿತ್ತೇ?"

ಗೊತ್ತಾಗಲಿಲ್ಲ ಎನ್ನಬಹುದಿತ್ತು. ಅವನಿಗೂ ಅದೇ ಬೇಕಾಗಿತ್ತೇನೋ.

"ಗೊತ್ತಾಗಿತ್ತು" ಎಂದೆ. "ತಲೆ ಬಿಸಿಯಾಗಿತ್ತು. ನಾಲಿಗೆಯನ್ನೂ ನೋಡಿದ್ದೆ."

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಹಿಂದೆಲ್ಲೋ ಗುಂಡ ನೀರು ಕುಡಿಯುವ ಸದ್ದು ಮಾತ್ರ ಕೇಳುತ್ತಿತ್ತು, ಲಪಲಪ ಎಂದು, ನಡುವೆ ನಿಂತು, ಮತ್ತೆ ಲಪಲಪ ಎಂದು. ನಾವಿಬ್ಬರೂ ಅದನ್ನೇ ಕೇಳುತ್ತಿದ್ದೆವು.

"ಭಾನುವಾರ ಎಷ್ಟು ಹೊತ್ತಿಗೆ ಬರಲಿ ಅಕ್ಕಾ?" ಎಂದ.

"ಅವನನ್ನು ಮನೆಯಲ್ಲೇ ಬಿಡು" ಎಂದೆ. "ನೀನು ಐದೂವರೆಗೆ ಬಾ. ಕ್ಯಾನ್ ತುಂಬಿಸುವುದಿದೆ."